ಅಲೆದೋಣಿಯ ಮೊದಲ ಮಾಲೀಕರಿಗೆ

ಯಾವ ತಿಂಗಳಿಗೂ ಸೇರದ ಮೂರನೆಯ ದಿನ, ಇಸವಿ ೨೦೯೭
ಪಂಚಗಂಗಾವಳಿಯ ಕುದ್ರು ಸಾಲು, ಕುಂದಾಪುರ

ಮಾನ್ಯರೇ,

ಮೇಲಿನ ತಾರೀಖು ಕಂಡು ಕಾಗದವನ್ನು ಮಡಿಸಿಡಬೇಡಿ. ನಮ್ಮಲ್ಲೀಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ವರ್ಷದ ಕೊನೆಗೆ ಬೇರೆಯಾಗಿ ಇಟ್ಟು ಹೊರದಿನ ಎಂದು ಕರೆಯುತ್ತೇವೆ. ಆ ಐದು ದಿನ ಶಾಲೆಯಿಲ್ಲ, ಕಚೇರಿಯಿಲ್ಲ. ದೋಣಿಗಳನ್ನು ದಡಕ್ಕೆಳೆದು ರಿಪೇರಿ ಮಾಡುತ್ತೇವೆ, ಮತ್ತು ಮನೆಗೊಬ್ಬರಂತೆ ನಮಗಿಂತ ಹಿಂದೆ ಬದುಕಿದ ಯಾರಿಗಾದರೂ ಒಂದು ಕಾಗದ ಬರೆಯುತ್ತೇವೆ. ಅದು ತಲುಪುತ್ತದೆಯೋ ಇಲ್ಲವೋ ಯಾರಿಗೂ ತಿಳಿಯದು. ಹೆಚ್ಚಿನವರು ಅಜ್ಜನಿಗೋ ಅಜ್ಜಿಗೋ ಬರೆಯುತ್ತಾರೆ. ನಾನು ಹೆಸರೂ ಗೊತ್ತಿಲ್ಲದ ನಿಮಗೆ ಬರೆಯುತ್ತಿದ್ದೇನೆ. ನನ್ನ ಕೆಲವು ಮಾತುಗಳು ನಿಮ್ಮ ಕಾಲದಲ್ಲಿ ಇರಲಾರವು. ಅವುಗಳ ಅರ್ಥವನ್ನು ಹೇಳುತ್ತಲೇ ಹೋಗುತ್ತೇನೆ. ಎಲ್ಲಿಯಾದರೂ ಮರೆತರೆ ಕ್ಷಮಿಸಿ.

ನನ್ನ ಹೆಸರು ಇಂಚರ. ಉಪ್ಪುನೀರಿನಲ್ಲಿ ಬೆಳೆಯುವ ಭತ್ತದ ಸಸಿಮಡಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಗಂಡ ಸುಹಾಸ, ದೋಣಿಗಳ ಒಡಕು ಮುಚ್ಚುವವನು. ಇಬ್ಬರು ಹೆಣ್ಣುಮಕ್ಕಳು, ಮತ್ತು ಅತ್ತೆ ಅಶ್ವಿತಾ. ನಾವಿರುವುದು ಹೊಳೆಯ ನಡುವಿನ ದ್ವೀಪದಲ್ಲಿ. ಅದನ್ನು ಕುದ್ರು ಎನ್ನುವುದು ನಿಮ್ಮ ಕಾಲದಲ್ಲೂ ಇತ್ತೆಂದು ಕೇಳಿದ್ದೇನೆ. ಆದರೆ ನಿಮ್ಮ ಹೊಳೆ ಬೇರೆ, ನಮ್ಮ ಹೊಳೆ ಬೇರೆ. ಸಮುದ್ರ ಒಳಗೆ ಬಂದ ಮೇಲೆ ಅರ್ಧದಷ್ಟು ಕುದ್ರುಗಳು ಉಳಿದಿಲ್ಲ. ಉಳಿದವುಗಳ ಸುತ್ತ ಉಪ್ಪುನೀರಲ್ಲೇ ಬೇರೂರುವ ಕಾಂಡ್ಲ ಗಿಡ ನೆಟ್ಟು, ಮಣ್ಣು ಹಿಡಿದಿಟ್ಟು, ಮನೆಗಳನ್ನು ಕಂಬದ ಮೇಲೆತ್ತಿ ಬದುಕುತ್ತಿದ್ದೇವೆ. ಅಂಗಡಿ, ಶಾಲೆ, ಆಸ್ಪತ್ರೆ ಎಲ್ಲವೂ ಪೂರ್ವದ ಗುಡ್ಡದ ಬುಡದಲ್ಲಿವೆ. ಅಲ್ಲಿಗೆ ಹೋಗಲು ಸಾಲುದೋಣಿ ಹಿಡಿಯಬೇಕು. ನಾಲ್ಕು ದೋಣಿಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಎಳೆಯುವ ಸರ್ಕಾರಿ ಸೇವೆ ಅದು. ಬಿಸಿಲಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಕೆಂಪುಗಾಳಿ ಎದ್ದ ದಿನ, ಅಂದರೆ ಗಾಳಿಯ ವೇಗ ಮಿತಿ ದಾಟಿ ಜೆಟ್ಟಿಯ ಮೇಲೆ ಕೆಂಪು ಬಾವುಟ ಏರಿದ ದಿನ, ಅದು ನಿಲ್ಲುತ್ತದೆ.

ಅತ್ತೆಯ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಎರಡು ವರ್ಷವಾಗಿದೆ. ವಾರಕ್ಕೆ ಮೂರು ಸಲ ಅವರನ್ನು ಗುಡ್ಡದ ತೊಳೆಮನೆಗೆ, ಎಂದರೆ ರಕ್ತ ಶುದ್ಧಿ ಮಾಡುವ ಯಂತ್ರಗಳಿರುವ ಕಟ್ಟಡಕ್ಕೆ, ಕರೆದೊಯ್ಯಬೇಕು. ಈ ಮಳೆಗಾಲದಲ್ಲಿ ಕೆಂಪು ಬಾವುಟ ಏರದ ವಾರವೇ ಇರಲಿಲ್ಲ. ಒಂದು ಸರದಿ ತಪ್ಪಿದರೆ ಅವರ ಕಾಲು ಊದಿಕೊಳ್ಳುತ್ತದೆ, ಎರಡು ತಪ್ಪಿದರೆ ಮಲಗಿದರೆ ಉಸಿರು ಕಟ್ಟುತ್ತದೆ. ನಾನು ಪ್ರತಿ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಜೆಟ್ಟಿಯ ಕಡೆ ಕತ್ತೆತ್ತಿ ನೋಡುತ್ತಿದ್ದೆ. ಬಾವುಟದ ಕಂಬ ಬರಿದಾಗಿದ್ದರೂ ಎದೆ ಹಗುರವಾಗುತ್ತಿರಲಿಲ್ಲ. ನಮ್ಮದೇ ಒಂದು ದೋಣಿ ಬೇಕೆಂದು ಗಟ್ಟಿಯಾಗಿ ಹೇಳಿದವಳು ನಾನೇ. ಸಿಕ್ಕ ದೋಣಿಯನ್ನು ಮೊದಲು ಅನುಮಾನಿಸಿದವಳೂ ನಾನೇ.

ಸಿಕ್ಕಿದ್ದು ನಿಮ್ಮ ದೋಣಿ. ನಾವು ಅದನ್ನು ಅಲೆದೋಣಿ ಎನ್ನುತ್ತೇವೆ. ತೊಟ್ಟಿಗಳಿಗೆ ನೀರು ತುಂಬಿಸಿಕೊಂಡು ಹಿಂಬದಿಯನ್ನು ಬೇಕೆಂದೇ ತಗ್ಗಿಸಿ, ಬೆನ್ನ ಹಿಂದೆ ದೊಡ್ಡ ಅಲೆ ಎಬ್ಬಿಸುತ್ತಾ ಹೋಗುವ ದೋಣಿ. ಆ ಅಲೆಯ ಮೇಲೆ ಹಲಗೆಯಿಟ್ಟು ಆಡುವುದು ನಿಮ್ಮ ಕಾಲದವರ ಖುಷಿ. ನಮ್ಮ ಕಾಲದಲ್ಲಿ ಅಲೆ ಎಬ್ಬಿಸುವುದು ಅಪರಾಧ. ದಡದ ಮಣ್ಣು ಕೊಚ್ಚಿ ಹೋಗುತ್ತದೆ. ಆದರೂ ನೀರು ತುಂಬಿದ ಅಲೆದೋಣಿ ನಿಧಾನಕ್ಕೆ ಹೋದರೆ ಗಾಳಿಗೆ ಹೊಯ್ದಾಡುವುದಿಲ್ಲ, ಅದರ ಉದ್ದನೆಯ ಸೀಟಿನ ಮೇಲೆ ರೋಗಿಯನ್ನು ಮಲಗಿಸಬಹುದು. ಹಾಗಾಗಿ ಹಳೆಯವಕ್ಕೆ ಈಗಲೂ ಬೇಡಿಕೆ. ಇದನ್ನು ಮಾರುತ್ತಿದ್ದವರು ಧನ್ವಿತ್ ಪೂಜಾರಿ ಎಂಬ ಎಪ್ಪತ್ತರ ಅಜ್ಜ. ಗುಡ್ಡದ ಮೇಲಿನ ಮಗಳ ಮನೆಗೆ ಹೊರಟಿದ್ದರು, ದೋಣಿಯ ಕೆಲಸ ಇನ್ನಿರಲಿಲ್ಲ. ಪೆಟ್ರೋಲ್ ಎಂಜಿನ್ ತೆಗೆಸಿ ಬ್ಯಾಟರಿ ಮೋಟಾರ್ ಕೂರಿಸಿದ್ದರು, ಸೀಟುಗಳಿಗೆ ಹೊಸ ಬಟ್ಟೆ ಹೊಲಿಸಿದ್ದರು. ಮಕ್ಕಳು ಹತ್ತಿದವರು ಇಳಿಯಲೇ ಇಲ್ಲ. ಸುಹಾಸ ಆಗಲೇ ಅದನ್ನು ನಮ್ಮ ದೋಣಿ ಎನ್ನತೊಡಗಿದ್ದ.

ನಾನು ಮರದ ಸುತ್ತಿಗೆ ಹಿಡಿದು ಮೈಯೆಲ್ಲ ತಟ್ಟಿ ನೋಡಿದೆ. ಗಂಡನ ಕೆಲಸ ನೋಡಿ ನೋಡಿ ಕಲಿತದ್ದು. ಫೈಬರ್ ಗಟ್ಟಿಯಿದ್ದರೆ ಟಣ್ ಎನ್ನುತ್ತದೆ, ಒಳಗಿನ ಮರಕ್ಕೆ ನೀರಿಳಿದಿದ್ದರೆ ಸದ್ದು ಸಾಯುತ್ತದೆ. ಹಿಂಬದಿಯ ಎಡಮೂಲೆಯಲ್ಲಿ ಒಂದು ಅಂಗೈ ಅಗಲದಷ್ಟು ಜಾಗದಲ್ಲಿ ಸದ್ದು ಸತ್ತಂತೆ ನನಗೆ ಕೇಳಿಸಿತು. ಸುಹಾಸನೂ ತಟ್ಟಿದ, ಅಲ್ಲಿ ನೀರಿನ ತೊಟ್ಟಿಯಿದೆ, ಅದಕ್ಕೇ ಹಾಗೆ ಎಂದ. ಧನ್ವಿತಜ್ಜ ನನ್ನ ಮುಖ ನೋಡಿ ಮೆತ್ತಗೆ ಹೇಳಿದರು:

"ಒಂದ್ ಪೆಟ್ಟ್ ಬಿದ್ದದ್ದಿಲ್ಲ ಮಗಾ. ನಂಗೆ ಕೊಟ್ಟವ್ರೂ ಅದ್ನೇ ಹೇಳಿದ್ರ್."

ಅವರ ಮುಖದಲ್ಲಿ ಮೋಸವಿರಲಿಲ್ಲ. ಅದೇ ನನ್ನ ಬಾಯಿ ಕಟ್ಟಿತು. ಮನೆಗೆ ಬಂದ ಮೇಲೆ ಎಲ್ಲದರಲ್ಲೂ ಹುಳುಕು ಹುಡುಕುವ ಸ್ವಭಾವ ನನ್ನದೆಂದು ಸುಹಾಸ ನಗುತ್ತಲೇ ಹೇಳಿದ. ಹೌದೇನೋ ಎಂದು ನನಗೂ ಅನ್ನಿಸಿತು. ಚಿಂತೆ ಮಾಡುವವರ ಕಷ್ಟ ಇದು, ಮಾನ್ಯರೇ: ಹತ್ತು ಸಲ ಸುಮ್ಮನೆ ಹೆದರಿದ್ದಕ್ಕೆ ಹನ್ನೊಂದನೆಯ ಸಲ ನಮ್ಮ ಕಿವಿಯನ್ನು ನಾವೇ ನಂಬುವುದಿಲ್ಲ. ಸೋಮವಾರ ಗಾಳಿಯಿಲ್ಲದ ಹೊತ್ತಿನಲ್ಲಿ, ಅತ್ತೆ ಮತ್ತು ಮಕ್ಕಳು ಇಲ್ಲದೆ, ನಾವಿಬ್ಬರೇ ನೀರಿಗಿಳಿಸಿ ನೋಡುವುದೆಂದು ತೀರ್ಮಾನವಾಯಿತು.

ಸೋಮವಾರಕ್ಕೆ ಕಾಯಲು ಆಗಲಿಲ್ಲ. ಗುರುವಾರ ಬಾವುಟ ಏರಿ ಅತ್ತೆಯ ಒಂದು ಸರದಿ ತಪ್ಪಿತು. ಶನಿವಾರ ಬೆಳಿಗ್ಗೆಯೂ ಬಾವುಟ ಇಳಿದಿರಲಿಲ್ಲ. ಅತ್ತೆಯ ಕಣ್ಣಿನ ಕೆಳಗೆ ಬಾವು ಬಂದಿತ್ತು, ಹಾಸಿಗೆಯ ಮೇಲೆ ಕೂತೇ ಇದ್ದರು. ಸುದ್ದಿ ತಿಳಿದ ಧನ್ವಿತಜ್ಜ ತಾವೇ ದೋಣಿ ತಂದು ನಮ್ಮ ಮೆಟ್ಟಿಲಿಗೆ ಕಟ್ಟಿದರು. ತೊಳೆಮನೆಗೂ ಹೋದಂತಾಯಿತು, ನೀವು ನೋಡಿದಂತೆಯೂ ಆಯಿತು ಎಂದರು. ಸತ್ತ ಸದ್ದಿನ ಜಾಗವನ್ನು ನಾನು ಒಂದೇ ಒಂದು ಸಲ ನೋಡಿದೆ. ಆಮೇಲೆ ಅತ್ತೆಯ ಕೈ ಹಿಡಿದು ಹತ್ತಿಸಿದೆ. ಬೇಡ ಎನ್ನಲು ನನ್ನ ಬಳಿ ಬೇರೆ ದಾರಿಯಿರಲಿಲ್ಲ. ಮಕ್ಕಳನ್ನು ಮಾತ್ರ ಪಕ್ಕದ ಮನೆಯಲ್ಲಿ ಬಿಟ್ಟೆ.

ಹೊಳೆಯ ನಡುವಿಗೆ ಬಂದಾಗ ಗಾಳಿಗೆ ದೋಣಿ ಹೊಯ್ದಾಡತೊಡಗಿತು. ಅಜ್ಜ ತೊಟ್ಟಿಗಳಿಗೆ ನೀರು ತುಂಬಿಸಿದರು. ಹೇಳಿದಂತೆಯೇ ದೋಣಿ ನೀರಿಗೆ ಕಚ್ಚಿಕೊಂಡು ಸ್ಥಿರವಾಯಿತು. ಅತ್ತೆ ಸೀಟಿಗೆ ಒರಗಿ ಕಣ್ಣು ಮುಚ್ಚಿದರು. ಸುಹಾಸ ನನ್ನತ್ತ ತಿರುಗಿ, ಕಂಡೆಯಾ ಎಂಬಂತೆ ಹುಬ್ಬೇರಿಸಿದ. ಅಷ್ಟು ಹೊತ್ತಿಗೆ ನನ್ನ ಪಾದ ತಣ್ಣಗಾಯಿತು. ಎಡಗಡೆ ಹಿಂಬದಿಯಲ್ಲಿ ನೆಲದ ಹಲಗೆಯ ಅಂಚಿನಿಂದ ನೀರು ಸದ್ದಿಲ್ಲದೆ ಹರಡುತ್ತಿತ್ತು. ತೊಟ್ಟಿ ಖಾಲಿ ಮಾಡಲು ಅಜ್ಜ ಪಂಪು ಒತ್ತಿದರು. ಬಲದ ತೊಟ್ಟಿ ಬರಿದಾಯಿತು, ಎಡದ್ದು ಆಗಲಿಲ್ಲ. ದೋಣಿ ಎಡಕ್ಕೆ ವಾಲಿತು. ಸುಹಾಸ ಬಕೆಟ್ಟಿನಲ್ಲಿ ನೀರೆತ್ತಿ ಹಾಕತೊಡಗಿದ. ಅವನ ಮುಖ ಬಿಳುಚಿದ್ದನ್ನು ಮದುವೆಯಾದ ಮೇಲೆ ನಾನು ಮೊದಲ ಸಲ ಕಂಡೆ. ಅಜ್ಜ ಸ್ಟಿಯರಿಂಗ್ ಹಿಡಿದು ಗುಡ್ಡದ ಜೆಟ್ಟಿಯನ್ನೇ ನೋಡುತ್ತಿದ್ದರು. ಅದು ಇನ್ನೂ ಅರ್ಧ ಹೊಳೆಯಷ್ಟು ದೂರವಿತ್ತು. ಆಗ ಅತ್ತೆ ಕಣ್ಣು ತೆರೆದು, ಹತ್ತಿರದಲ್ಲಿ ತಲೆಯೆತ್ತಿದ್ದ ಮರಳದಿಬ್ಬದತ್ತ ಕೈ ತೋರಿಸಿ, ಅಡುಗೆಮನೆಯಲ್ಲಿ ಉಪ್ಪು ಸಾಕೆನ್ನುವ ದನಿಯಲ್ಲಿ ಹೇಳಿದರು:

"ಆ ಮರಳಿನ್ ಮೇಲೆ ಹತ್ಸಿ ಬಿಡಿ. ಮುಳ್ಗುದಕ್ಕಿಂತ ಸಿಕ್ಕಂಬುದ್ ಲಾಯ್ಕ್."

ಅಜ್ಜ ದೋಣಿಯನ್ನು ತಿರುಗಿಸಿ ಮರಳದಿಬ್ಬಕ್ಕೆ ನುಗ್ಗಿಸಿದರು. ಇಳಿತದ ಹೊತ್ತು. ಸ್ವಲ್ಪದರಲ್ಲೇ ಸುತ್ತಲಿನ ನೀರು ಸರಿದು ನಾವು ಹೊಳೆಯ ನಡುವೆ ಒಣನೆಲದ ಮೇಲೆ ವಾಲಿ ನಿಂತೆವು. ಮುಳುಗುವ ಭಯ ಹೋಯಿತು, ಇನ್ನೊಂದು ಭಯ ಶುರುವಾಯಿತು. ಮತ್ತೆ ಉಬ್ಬರ ಬರುವುದು ಇನ್ನು ಆರು ಗಂಟೆ ಕಳೆದ ಮೇಲೆ. ತೊಳೆಮನೆಯ ಸರದಿ ಹನ್ನೊಂದಕ್ಕೆ. ದಿಬ್ಬದ ಸುತ್ತ ಮೊಣಕಾಲುದ್ದ ನೀರು, ಅದರಡಿ ಸೊಂಟದವರೆಗೆ ಎಳೆಯುವ ಕೆಸರು. ನಡೆದು ಹೋಗುವಂತಿಲ್ಲ, ದೊಡ್ಡ ದೋಣಿ ಬರುವಂತಿಲ್ಲ. ಕರೆ ಮಾಡಿದರೆ ರಕ್ಷಣಾ ದೋಣಿಯವರು ಉಬ್ಬರಕ್ಕೆ ಕಾಯಿರಿ ಎಂದರು. ಅತ್ತೆಯ ಉಸಿರಿನಲ್ಲಿ ಸಣ್ಣ ಸೀಟಿಯಂಥ ಸದ್ದು ಬರತೊಡಗಿತು. ನಾನು ಅವರ ಬೆನ್ನಿಗೆ ನನ್ನ ಬೆನ್ನು ಕೊಟ್ಟು ಕೂತೆ, ಒರಗಿಕೊಳ್ಳಲಿ ಎಂದು. ಅವರು ಚಿಕ್ಕಂದಿನಲ್ಲಿ ಇದೇ ಹೊಳೆಯಲ್ಲಿ ಇಂಥದೇ ದೋಣಿಯ ಹಿಂದೆ ಅಲೆಯ ಮೇಲೆ ನಿಂತ ಕತೆ ಹೇಳಿದರು, ಎರಡೆರಡು ಮಾತಿಗೆ ನಿಂತು ನಿಂತು. ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾರೆಂದು ಗೊತ್ತಾಗಿ ನನಗೆ ಅಳು ಬಂತು.

ಸುಹಾಸ ಸುಮ್ಮನಿರಲಾರದೆ ಹಿಂಬದಿಯ ನೆಲದ ಹಲಗೆ ಕಿತ್ತ. ಕೆಳಗೆ ಒಂದು ಹಳೆಯ ತೇಪೆ ಇತ್ತು. ಅದರಡಿಯ ಮರ ಕೈಗೆ ಹಸಿ ಅವಲಕ್ಕಿಯಂತೆ ಬಂತು. ಇಲ್ಲಿ ಯಾವತ್ತೋ ಕಲ್ಲಿಗೆ ಬಡಿದಿದೆ ಎಂದ. ದೋಣಿಯ ಮೇಲೆ ಬಣ್ಣದ ಆರು ಪದರಗಳಿದ್ದವು. ತೇಪೆ ಇದ್ದದ್ದು ಎಲ್ಲಕ್ಕಿಂತ ಕೆಳಗೆ, ಕಾರ್ಖಾನೆಯ ಬಣ್ಣಕ್ಕೆ ಹೊಂದಿಸಿ ಬಳಿದ ಪದರದ ಅಡಿಯಲ್ಲಿ. ಹಾಗಾಗಿ ಅದು ನಿಮ್ಮ ಕಾಲದ್ದು. ಅಲ್ಲೇ ಸೀಟಿನ ಮುಚ್ಚಳದ ಒಳಮೈಯಲ್ಲಿ ಮಕ್ಕಳ ಅಕ್ಷರದಲ್ಲಿ ಚಾರ್ವಿ, ಅದ್ವಿಕ್ ಎಂದು ಎರಡು ಹೆಸರು, ಪಕ್ಕದಲ್ಲಿ ಒಂದು ಮೀನು. ಅದನ್ನು ನೋಡುವವರೆಗೆ ನಿಮ್ಮನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದೆ. ಆಮೇಲೆ ಆಗಲಿಲ್ಲ. ಧನ್ವಿತಜ್ಜ ಕೊಳೆತ ಮರದ ಚೂರನ್ನು ಅಂಗೈಯಲ್ಲಿ ಹಿಡಿದು ಬೆರಳಿನಿಂದ ಪುಡಿ ಮಾಡಿದರು. ಇದರಲ್ಲಿ ನನ್ನ ಮೊಮ್ಮಕ್ಕಳನ್ನು ಒಂಬತ್ತು ವರ್ಷ ಶಾಲೆಗೆ ಬಿಟ್ಟಿದ್ದೆನೆಂದರು.

"ನಾ ಒಂದಿನಾ ತಟ್ಟಿ ಕಾಂಬುಕ್ ಹೋಯ್ಲ," ಎಂದರು. ಒಂದು ದಿನವೂ ತಟ್ಟಿ ನೋಡಿರಲಿಲ್ಲವೆಂಬುದೇ ಅವರ ಕೊರಗು.

ನಮ್ಮನ್ನು ಬಿಡಿಸಿದ್ದು ಚಿಪ್ಪು ಹೆಕ್ಕುವ ಹೆಂಗಸರು. ಕಾಂಡ್ಲದ ಮರೆಯಲ್ಲಿ ಕೆಲಸ ಮಾಡುತ್ತಿದ್ದ ನಾಲ್ವರು, ದಿಬ್ಬದ ಮೇಲೆ ದೋಣಿ ಕಂಡು ಕೆಸರಿನ ಮೇಲೆ ಜಾರುವ ತಮ್ಮ ಚಪ್ಪಟೆ ಹಲಗೆಗಳನ್ನು ತಳ್ಳಿಕೊಂಡು ಬಂದರು. ಅತ್ತೆಯನ್ನು ಹಲಗೆಯ ಮೇಲೆ ಕೂರಿಸಿ, ಹೊಟ್ಟೆಯವರೆಗೆ ಕೆಸರಲ್ಲಿ ಹುಗಿದುಕೊಂಡೇ ಗುಡ್ಡದ ದಡಕ್ಕೆ ತಳ್ಳಿದರು. ನಾನು ಹಿಂದಿನ ಹಲಗೆಯಲ್ಲಿ ಅತ್ತೆಯ ಬೆನ್ನನ್ನೇ ನೋಡುತ್ತಿದ್ದೆ, ಅದು ಏಳುತ್ತದೆಯೋ ಇಳಿಯುತ್ತದೆಯೋ ಎಂದು. ಹನ್ನೊಂದು ಹೋಗಿ ಎರಡಾಗಿತ್ತು. ತೊಳೆಮನೆಯ ನರ್ಸ್ ಏನನ್ನೂ ಕೇಳದೆ ಬಾಗಿಲಿನಿಂದಲೇ ಅವರನ್ನು ಒಳಗೆ ಎಳೆದುಕೊಂಡಳು. ಸಂಜೆ ಅತ್ತೆ ಚಹಾ ಕೇಳಿದರು. ಆಗ ಮಾತ್ರ ನಾನು ಕಾಲಿನ ಕೆಸರು ತೊಳೆಯಲು ಎದ್ದೆ.

ಮರುದಿನ ಧನ್ವಿತಜ್ಜ ಬಂದು, ದೋಣಿಯನ್ನು ಒಡೆಸಿ ಬಿಡುತ್ತೇನೆ, ಬೇರೆಯವರ ತಲೆಗೆ ಕಟ್ಟಲಾರೆ ಎಂದರು. ಸುಹಾಸ ತಲೆ ತಗ್ಗಿಸಿ ಕೂತಿದ್ದ. ಬೇರೊಂದು ದೋಣಿ ನೋಡೋಣ, ಈ ಸಲ ನೀನು ಹೇಳಿದಂತೆ ಎಂದ. ಆ ವಾರ ನಾವು ಇನ್ನೂ ಮೂರು ದೋಣಿ ನೋಡಿದೆವು. ಮೂರರ ಮಾಲೀಕರೂ ಪೆಟ್ಟೇ ಬಿದ್ದಿಲ್ಲವೆಂದರು. ಮೂರನೆಯದರ ಮೈಯನ್ನು ತಟ್ಟುತ್ತಿದ್ದಾಗ ನನಗೆ ಏನೋ ಸ್ಪಷ್ಟವಾಯಿತು. ಸುತ್ತಿಗೆ ಕೆಳಗಿಟ್ಟು ಸುಹಾಸನಿಗೆ ಹೇಳಿದೆ:

"ಅಜ್ಜನ್ ದೋಣಿಯೇ ತಕಂಬ. ಅದ್ರ ಹೊಟ್ಟಿ ಒಂದೇ ನಾ ಕಂಡದ್."

ಅವನು ಸುತ್ತಿಗೆ ಎತ್ತಿಕೊಂಡು ಚೀಲಕ್ಕೆ ಹಾಕಿದ. ಇಡೀ ಹೊಳೆಯಲ್ಲಿ ಎಲ್ಲಿ ಒಡೆದಿದೆ ಎಂದು ನನಗೆ ಗೊತ್ತಿರುವ ದೋಣಿ ಅದೊಂದೇ ಆಗಿತ್ತು. ಸುಹಾಸ ಹಿಂಬದಿಯನ್ನು ಪೂರ್ತಿ ಕೊರೆದು ತೆಗೆದು, ಕೊಳೆಯದ ಪಟ್ಟಿ ಹಾಕಿ ಕಟ್ಟಿದ. ಧನ್ವಿತಜ್ಜ ದಿನವೂ ಬಂದು ಪಕ್ಕದಲ್ಲಿ ಕೂತು ಉಜ್ಜುವ ಕೆಲಸ ಮಾಡಿದರು. ಎಡದ ಪಂಪು ಬದಲಾಯಿತು, ಜೊತೆಗೊಂದು ಕೈಪಂಪೂ ಬಂತು. ಹೊಸ ಕಟ್ಟಿನ ಮೇಲೆ ನಾವು ಬಣ್ಣ ಬಳಿದಿಲ್ಲ. ಎಲ್ಲಿ ಒಡೆದಿತ್ತು, ಯಾವತ್ತು ಕಟ್ಟಿದೆವು ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇವೆ, ಹತ್ತುವವರಿಗೆಲ್ಲ ಕಾಣುವಂತೆ. ಅತ್ತೆ ಈಗ ಅದರಲ್ಲೇ ಹೋಗಿ ಬರುತ್ತಾರೆ. ನನ್ನ ಹೆದರಿಕೆ ಹೋಯಿತೆಂದು ತಿಳಿಯಬೇಡಿ. ಪ್ರತಿ ಸಲ ನಡುಹೊಳೆಯಲ್ಲಿ ಹಿಂದಕ್ಕೆ ಕೈ ಚಾಚಿ ಆ ಹಲಗೆಯ ಅಂಚನ್ನು ಮುಟ್ಟುತ್ತೇನೆ. ಒಣಗಿದ್ದರೂ ಮತ್ತೊಮ್ಮೆ ಮುಟ್ಟುತ್ತೇನೆ.

ಮಾನ್ಯರೇ, ತೇಪೆ ಹಾಕಿಸಿದವರು ನೀವೇ ಎಂದು ನಾನು ಆಣೆ ಮಾಡಲಾರೆ. ರಿಪೇರಿಯವನು ನಿಮಗೂ ಹೇಳದೆ ಮುಚ್ಚಿರಬಹುದು. ಅಥವಾ ಸಣ್ಣ ಪೆಟ್ಟು, ಹೇಳುವಂಥದ್ದೇನಿದೆ ಎಂದು ನೀವು ಸುಮ್ಮನಾಗಿರಬಹುದು. ನಿಮ್ಮ ಕಾಲದಲ್ಲಿ ಅದು ಆಟದ ದೋಣಿ, ಒದ್ದೆಯಾದರೆ ನಗುತ್ತಾ ಈಜಿ ದಡ ಸೇರುವವರ ದೋಣಿ. ಅದು ಎಪ್ಪತ್ತು ವರ್ಷ ಬಾಳೀತು, ಉಸಿರಾಡಲು ಕಷ್ಟಪಡುವ ಒಬ್ಬ ಮುದುಕಿಯನ್ನು ಹೊತ್ತೀತು ಎಂದು ನಿಮಗೆ ಹೇಗೆ ತಿಳಿಯಬೇಕು? ಹಾಗಾಗಿ ದೂರಲು ಬರೆದ ಕಾಗದವಲ್ಲ ಇದು. ಒಂದು ಬೇಡಿಕೆ ಇದೆ, ಅಷ್ಟೇ. ನಿಮ್ಮ ಮಕ್ಕಳು ದೊಡ್ಡವರಾಗಿ ಆ ದೋಣಿ ನಿಮಗೆ ಬೇಡವಾಗುವ ದಿನ ಬರುತ್ತದೆ. ಕೊಳ್ಳಲು ಯಾರೋ ಬಂದು ನಿಲ್ಲುತ್ತಾರೆ. ಅವರ ಕೈಗೆ ಕೀಲಿ ಕೊಡುವ ಮೊದಲು, ನಿಮ್ಮ ಮನೆಯಲ್ಲಿ ಯಾರ್ಯಾರಿದ್ದೀರಿ, ಇದರಲ್ಲಿ ಯಾರ್ಯಾರು ಕೂರುತ್ತೀರಿ ಎಂದು ಕೇಳಿ. ಒಬ್ಬೊಬ್ಬರ ಹೆಸರನ್ನೂ ಕೇಳಿ. ಹೆಸರುಗಳನ್ನು ಕೇಳಿದ ಮೇಲೆ ಆ ಪೆಟ್ಟಿನ ಮಾತು ತಾನಾಗಿ ನಿಮ್ಮ ಬಾಯಿಗೆ ಬರುತ್ತದೆಂದು ನನ್ನ ನಂಬಿಕೆ.

ಇತಿ,
ಇಂಚರ