ಉಜ್ಜಿ ತೆಗೆದ ಗಂಟು

ಮಾರ್ಚ್ 3, ಮಂಗಳವಾರ

ಇವತ್ತೂ ಕಿವಿ. ನರ್ಸಿಂಗ್ ಶಾಲೆಗಳಿಗೆ ಕಿವಿಯ ಮಾಡೆಲ್ ಮೇಲೆ ಅದೇನು ಮೋಹವೋ. ಬೆರಳ ಸಂದಿಯಲ್ಲೆಲ್ಲ ಫೈಬರ್ ಧೂಳು, ಎಷ್ಟು ತೊಳೆದರೂ ಕಡಿತ ನಿಲ್ಲುವುದಿಲ್ಲ.

ಮಧ್ಯಾಹ್ನದ ಮೇಲೆ ಸೊಂಟದ ಪೀಸುಗಳು. ಹೆಣ್ಣಿನ ಕೆಳಭಾಗದ ಮಾಡೆಲ್‌ಗೆ ನಮ್ಮ ವರ್ಕ್‌ಶಾಪಿನಲ್ಲಿ ಇಟ್ಟ ಹೆಸರು ಅದು. ಬೇರೆ ಹೆಸರಿನಿಂದ ಕರೆಯುವ ಧೈರ್ಯ ಮಾಲೀಕರಿಗೂ ಇಲ್ಲ. ಅಚ್ಚಿನಿಂದ ಬಿಡಿಸಿದಾಗ ಮೇಲುಗಡೆ, ಎರಡು ತುಟಿ ಸೇರುವಲ್ಲಿ, ಪುಟ್ಟದೊಂದು ಗಂಟು ಉಳಿದಿರುತ್ತದೆ. ಅಚ್ಚಿನ ದೋಷ. ಸ್ಯಾಂಡ್‌ಪೇಪರಿನಿಂದ ಉಜ್ಜಿ ಸಮ ಮಾಡಿ ಗುಲಾಬಿ ಬಳಿಯಬೇಕು. ಸೇರಿದ ದಿನ ಮಾಲೀಕರೇ ತೋರಿಸಿಕೊಟ್ಟದ್ದು, ಮುಖ ಆ ಕಡೆ ತಿರುಗಿಸಿಕೊಂಡು. ನನ್ನಷ್ಟು ನುಣ್ಣಗೆ ಉಜ್ಜುವವರು ಇಲ್ಲವಂತೆ.

ಸಂಜೆ ಇವರು ಬೇಗ ಮನೆಗೆ ಬಂದರು. ರಿಪೇರಿಗೆ ಹೋಗಿದ್ದ ಯಾವುದೋ ಆಫೀಸಿನ ಲಿಫ್ಟ್ ಸರಿಹೋಗಿ ಮೂಡು ಚೆನ್ನಾಗಿತ್ತು. ದೀಪ ಆರಿಸಿದ ಮೇಲೆ ಎಂದಿನಂತೆ. "ಆಯ್ತಾ?" ಅಂದರು. "ಹೂಂ" ಅಂದೆ. ಒಳ್ಳೆಯವರು, ಕೇಳದೆ ಒಂದು ದಿನವೂ ಮಗ್ಗುಲು ಬದಲಿಸಿದವರಲ್ಲ. ಏನು ಆಗಬೇಕು ಅಂತ ನನಗೆ ಗೊತ್ತಿದ್ದರೆ ತಾನೆ!

ಮಾರ್ಚ್ 5, ಗುರುವಾರ

ಒಬ್ಬ ಡಾಕ್ಟರಮ್ಮ ಬಂದಿದ್ದರು. ಹೆರಿಗೆ ಡಾಕ್ಟರು, ನರ್ಸಿಂಗ್ ಶಾಲೆಯಲ್ಲಿ ಪಾಠವನ್ನೂ ಮಾಡುತ್ತಾರಂತೆ. ಕೈಯಲ್ಲಿ ನಮ್ಮದೇ ಡಬ್ಬ. ಸೊಂಟದ ಪೀಸನ್ನು ಮೇಜಿನ ಮೇಲಿಟ್ಟು, ನಾನು ಉಜ್ಜಿದ ಜಾಗದ ಮೇಲೆ ಬೆರಳಿಟ್ಟರು.

"ಇಲ್ಲಿದ್ದದ್ದು ಎಲ್ಲಿ?"

"ಏನು ಮೇಡಂ?" ಮಾಲೀಕರು.

"ಕ್ಲಿಟೋರಿಸ್."

ಮಾಲೀಕರು ಫ್ಯಾನ್ ನೋಡಿದರು. ಫ್ಯಾನ್ ಏನೂ ಸಹಾಯ ಮಾಡಲಿಲ್ಲ. "ಅದು... ಅಲ್ಲೊಂದು ಗಂಟು ಬರುತ್ತೆ ಮೇಡಂ. ಅಚ್ಚಿನ ದೋಷ. ಇವಳ ಕೈ ತುಂಬ ನೀಟು, ಗೊತ್ತೇ ಆಗದ ಹಾಗೆ ತೆಗೀತಾಳೆ."

ಡಾಕ್ಟರಮ್ಮ ನಕ್ಕರು. ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತರು. ಆಮೇಲೆ ನಗು ನಿಂತುಹೋಯಿತು. "ಅಚ್ಚು ಮಾಡಿದೋನಿಗೆ ಗೊತ್ತಿತ್ತು ಕಣ್ರೀ. ನೀವು ಉಜ್ಜಿದ್ದನ್ನ ನೋಡಿ ಕಲಿತ ನರ್ಸ್‌ಗಳು ಎಷ್ಟು ಜನವೋ!"

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಕೈಯಲ್ಲಿ ಆಗಲೂ ಸ್ಯಾಂಡ್‌ಪೇಪರ್.

ಮಾರ್ಚ್ 6, ಶುಕ್ರವಾರ

ಡಾಕ್ಟರಮ್ಮ ಹೊಸ ಆರ್ಡರ್ ಕೊಟ್ಟಿದ್ದಾರೆ. ಆ ಅಂಗ ಪೂರ್ತಿ, ಬೇರೆಯಾಗಿ, ಕೈಯಲ್ಲಿ ಹಿಡಿಯುವ ಹಾಗೆ. ಮಾಲೀಕರು ನನಗೆ ಒಪ್ಪಿಸಿ ಗೋಡೌನಿಗೆ ಹೋದವರು ಸಂಜೆಯವರೆಗೆ ಪತ್ತೆ ಇಲ್ಲ.

ಡಾಕ್ಟರಮ್ಮ ಪ್ಯಾಕಿಂಗ್ ಕಾಗದದ ಮೇಲೆ ಬಿಡಿಸಿ ತೋರಿಸಿದರು. ಹೊರಗೆ ಕಾಣುವುದು ತುದಿ ಮಾತ್ರ. ಅದರ ಮೇಲೊಂದು ಚರ್ಮದ ಮುಸುಕು. ತುದಿಯಿಂದ ಒಂದು ದಿಂಡು ಒಳಗೆ ಹೋಗಿ ಬಾಗುತ್ತದೆ, ಅಲ್ಲಿಂದ ಎರಡು ಕಾಲು ಸೊಂಟದ ಮೂಳೆಗೆ ಅಂಟಿಕೊಂಡು ಎರಡು ಕಡೆ ಇಳಿಯುತ್ತವೆ. ಯೋನಿಯ ಬಾಯಿಯ ಅಕ್ಕಪಕ್ಕ ಇನ್ನೆರಡು ಉಬ್ಬು. ಮನಸ್ಸು ಬಂದಾಗ ಎಲ್ಲಕ್ಕೂ ರಕ್ತ ತುಂಬಿ ಊದಿಕೊಳ್ಳುತ್ತದಂತೆ, ಗಂಡಸರದ್ದರ ಹಾಗೆಯೇ. ಬಸಿರಲ್ಲಿ ಎರಡೂ ಶುರುವಾಗುವುದು ಒಂದೇ ಮೊಳಕೆಯಿಂದ.

"ಇದಕ್ಕೆ ಬೇರೆ ಕೆಲಸ ಇಲ್ಲ ಕಣಮ್ಮ. ಸುಖಕ್ಕೆ ಅಂತಲೇ ಇರೋದು," ಅಂದರು. "ತುಂಬ ಹೆಂಗಸರಿಗೆ ಬರೀ ಒಳಗೆ ಹೋಗೋದ್ರಿಂದ ಆಗಲ್ಲ. ಇಲ್ಲಿ ಮುಟ್ಟಬೇಕು, ನಿಧಾನಕ್ಕೆ, ಅವರವರಿಗೆ ಹಿತ ಆಗೋ ಹಾಗೆ. ಅದು ಕಾಯಿಲೆ ಅಲ್ಲ, ಕೊರತೇನೂ ಅಲ್ಲ."

ಬಾಯಿ ತಪ್ಪಿ ಕೇಳಿಬಿಟ್ಟೆ — "ಆಯ್ತು ಅಂತ ಹೇಗೆ ಗೊತ್ತಾಗುತ್ತೆ ಮೇಡಂ?"

ನನ್ನ ಕತ್ತು ನೋಡಿದರು. ತಾಳಿ ನೋಡಿದರು.

"ಬಣ್ಣ ಎಷ್ಟು ಕೋಟ್ ಆದ್ರೆ ಆಯ್ತು ಅಂತ ಕೇಳಿದ್ದು," ಅಂದೆ.

"ಆದಾಗ ಅನುಮಾನ ಇರಲ್ಲ," ಅಂದರು. ಬಣ್ಣದ ಮಾತಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಹೋಗುವಾಗ ಮೆಲ್ಲಗೆ ಅಂದರು, "ಮೊದಲು ಕನ್ನಡಿ ಹಿಡಿದು ನೋಡ್ಕೋ."

ಮಾರ್ಚ್ 11, ಬುಧವಾರ

ಜೇಡಿಮಣ್ಣಿನಲ್ಲಿ ಮಾಡುತ್ತಿದ್ದೇನೆ. ಕಾಲುಗಳು ಬಾಗುವಲ್ಲಿ ಬಿರುಕು ಬಿಡುತ್ತವೆ, ತಂತಿ ಇಟ್ಟೆ. ಕೋಳಿಯ ಎದೆಮೂಳೆಯ ಹಾಗೆ ಕಾಣುತ್ತದೆ.

ಕನ್ನಡಿಯ ಪ್ರಯತ್ನವೂ ಆಯಿತು. ಬಚ್ಚಲಲ್ಲಿ ಬಗ್ಗಿ ಇನ್ನೇನು ನೋಡಬೇಕು, ಅತ್ತೆ ಬಾಗಿಲು ಬಡಿದರು. "ಎಷ್ಟೊತ್ತೇ ಸ್ನಾನ? ನೀರೆಲ್ಲ ಖಾಲಿ ಮಾಡ್ತೀಯಾ?" ಕನ್ನಡಿ ಬಕೆಟಿಗೆ ಬಿತ್ತು. ಅಲ್ಲಿಗೆ ಮುಗಿಯಿತು.

ಅಕ್ಕನಿಗೆ ಫೋನ್ ಮಾಡಿದೆ. "ನಿಂಗೆ ಗೊತ್ತಿತ್ತೇನೇ?" ಅಂದೆ. ಮೊದಲು "ಥೂ, ಫೋನಲ್ಲಿ ಏನೇ ಇದು" ಅಂದಳು. ಆಮೇಲೆ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಈಗ ತಿಳ್ಕೊಂಡು ಏನ್ ಮಾಡೋದೇ. ನಿಮ್ ಭಾವ ಬೇರೆ ರೂಮಲ್ಲಿ ಮಲಗೋಕೆ ಶುರು ಮಾಡಿ ಯಾವ ಕಾಲ ಆಯ್ತು." ಇಡುವ ಮುಂಚೆ, "ಆ ಮಾಡೆಲ್ ಫೋಟೋ ಕಳ್ಸು. ನೋಡಿ ಡಿಲೀಟ್ ಮಾಡ್ತೀನಿ."

ಕಳಿಸಿದೆ. ನೋಡಿದ್ದಾಳೆ. ಅವಳಷ್ಟು ತಡವಾಗುವುದು ಬೇಡ ನನಗೆ. ಇವರಿಗೆ ಹೇಳಲೇಬೇಕು.

ಮಾರ್ಚ್ 14, ಶನಿವಾರ

ಹೇಳಿದೆ. ಯಾಕಾದರೂ ಹೇಳಿದೆನೋ.

ಇವರು ಇಸ್ತ್ರಿಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದರು. ಪಕ್ಕದ ಕೋಣೆಯಲ್ಲಿ ಅತ್ತೆಯ ಟಿವಿ ಜೋರಾಗಿತ್ತು. ನಮ್ಮ ಸಂಸಾರ ನಡೆಯುವುದೇ ಆ ಟಿವಿಯ ಮರೆಯಲ್ಲಿ.

"ರೀ, ಒಂದು ಮಾತು."

"ಹೇಳು ಕಿವಿರಾಣಿ." ಕಿವಿ ಮಾಡುವವಳೆಂದು ಇವರು ಇಟ್ಟ ಹೆಸರು.

ಗಂಟಿನ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕರು. "ಅಯ್ಯೋ ಪಾಪಿ, ಎಷ್ಟು ಜನದ್ದು ಉಜ್ಜಿ ಹಾಕಿದೀಯೇ!" ನಾನೂ ನಕ್ಕೆ. ನಗು ಇರುವಾಗಲೇ ಹೇಳಿಬಿಡೋಣ ಅನ್ನಿಸಿತು. "ನಮ್ಮಲ್ಲೂ ಅಲ್ಲಿ ಮುಟ್ಟಬೇಕಿತ್ತಂತೆ. ನಂಗೆ ಇದುವರೆಗೂ ಆಗೇ ಇಲ್ಲ ಅನ್ಸುತ್ತೆ ರೀ."

ಸ್ಕ್ರೂಡ್ರೈವರ್ ನಿಂತಿತು.

"ಮತ್ತೆ ಹೂಂ ಅಂತಿದ್ದೆ?"

"ನೀವು ಕೇಳ್ತಿದ್ರಲ್ಲ."

"ಇಷ್ಟು ವರ್ಷ?"

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೈಯಲಿಲ್ಲ. ಇಸ್ತ್ರಿಪೆಟ್ಟಿಗೆ ಜೋಡಿಸಿದರು, ಸ್ಕ್ರೂ ಎಲ್ಲ ಬಿಗಿ ಮಾಡಿದರು, ಸ್ವಿಚ್ ಹಾಕಿ ಬಿಸಿಯಾಗುತ್ತದಾ ನೋಡಿದರು. "ಬಾಗಿಲಿಗೆ ಕಿವಿ ಇಟ್ರೆ ಸಾಕು, ಲಿಫ್ಟಿಗೆ ಏನಾಗಿದೆ ಅಂತ ಹೇಳ್ತೀನಿ ನಾನು," ಅಂದರು, ನನಗಲ್ಲ, ಇಸ್ತ್ರಿಪೆಟ್ಟಿಗೆಗೆ. ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು.

ಮಾರ್ಚ್ 15

ಏನೂ ಇಲ್ಲ.

ಮಾರ್ಚ್ 19, ಗುರುವಾರ

ಊಟ ಬಡಿಸಿದರೆ "ಥ್ಯಾಂಕ್ಸ್" ಅನ್ನುತ್ತಾರೆ. ಇವರು! ತಟ್ಟೆ ತಾವೇ ತೊಳೆಯುತ್ತಾರೆ. ದಾರಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, "ಅವನಿಗೆ ಜ್ವರಾನಾ?" ಅಂದರು.

ಹಾಸಿಗೆಯಲ್ಲಿ ಗೋಡೆಯ ಕಡೆಗೆ ಮುಖ. ಮುಟ್ಟಲು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡೆ. ಮುಟ್ಟಿದರೆ ಇನ್ನೊಂದು ದೂರು ಅಂದುಕೊಂಡಾರು. ಹಾಳು ಗಂಟು. ಉಜ್ಜಿಕೊಂಡೇ ಇದ್ದಿದ್ದರೆ ಹೋಗುತ್ತಿರಲಿಲ್ಲವೆ ಜೀವನ? ಹೋಗುತ್ತಿತ್ತು. ಅದಕ್ಕೇ ಹೊಟ್ಟೆ ಉರಿಯುತ್ತದೆ.

ಮಾರ್ಚ್ 27, ಶುಕ್ರವಾರ

ನಿನ್ನೆ ಇವರೇ ಈ ಕಡೆ ತಿರುಗಿದರು. "ಹೇಳಿಕೊಡು," ಅಂದರು. ಎಷ್ಟು ಕಷ್ಟಪಟ್ಟು ಆ ಮಾತು ಹೊರಗೆ ಬಂತು ಅಂತ ನನಗೆ ಗೊತ್ತು.

ಪ್ರಯತ್ನಪಟ್ಟರು. "ಇಲ್ಲೇನಾ? ಮೇಲಾ? ಜೋರಾಯ್ತಾ?" ಪ್ರತಿ ಸಲ ಕೇಳಿದಾಗಲೂ ಪರೀಕ್ಷೆಗೆ ಕೂತ ಹಾಗೆ ಮೈ ಬಿಗಿಯಾಗುತ್ತಿತ್ತು. ಮಧ್ಯೆ ಒಮ್ಮೆ, ಒಂದೇ ಒಂದು ಕ್ಷಣ, ಬೆಚ್ಚಗೆ ಏನೋ ಹರಿದ ಹಾಗಾಯಿತು. ಅದೇನಾ ಅಂತ ಯೋಚಿಸುವಷ್ಟರಲ್ಲಿ ಹೊರಟುಹೋಯಿತು. ಇವರ ಹಣೆಯಲ್ಲಿ ಬೆವರು. ಕಣ್ಣು ನನ್ನ ಮುಖದ ಮೇಲೆ, ನಾಯಿಮರಿಯ ಕಣ್ಣಿನ ಹಾಗೆ. ನೋಡಲಾಗಲಿಲ್ಲ.

"ಹೂಂ" ಅಂದೆ. ಈ ಸಲ ಉಸಿರು ಗಿಸಿರು ಎಲ್ಲ ಸೇರಿಸಿ.

ಬೆಳಿಗ್ಗೆ ಸಿಳ್ಳೆ ಹಾಕುತ್ತ ಶೇವ್ ಮಾಡಿಕೊಂಡರು. ಅತ್ತೆಗೆ ಕಾಲು ಒತ್ತಿದರು. "ಕಿವಿರಾಣಿ, ಬರ್ತೀನಿ," ಅಂದರು, ಎಷ್ಟೋ ದಿನದ ಮೇಲೆ. ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಏನು ಮಾಡಿಬಿಟ್ಟೆ ನಾನು. ಒಂದು ಸುಳ್ಳನ್ನು ಕಿತ್ತು ಅದೇ ಗುಂಡಿಯಲ್ಲಿ ಇನ್ನೊಂದು ನೆಟ್ಟೆ.

ಏಪ್ರಿಲ್ 1, ಬುಧವಾರ

ಮಾಡೆಲ್ ಮುಗಿಯಿತು. ಡಾಕ್ಟರಮ್ಮ ತಿರುಗಿಸಿ ತಿರುಗಿಸಿ ನೋಡಿದರು. "ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿದೀಯಮ್ಮ!" ಅಂದರು. ಕಣ್ಣಲ್ಲಿ ನೀರು ಬಂತು. ಥಿನ್ನರ್ ವಾಸನೆ ಅಂದೆ.

ಮಾಲೀಕರು ಸೊಂಟದ ಪೀಸಿನ ಗಂಟನ್ನು ಇನ್ನು ಮುಟ್ಟಬಾರದೆಂದು ಹುಕುಂ ಹೊರಡಿಸಿದ್ದಾರೆ. ಗೋಡೆ ನೋಡಿಕೊಂಡು.

ಮನೆಗೆ ಬಂದು ಹೇಳಿದರೆ ಇವರು, "ಒಂದು ಪೀಸ್ ತಗೊಂಡ್ಬಾ. ನಾನೂ ನೋಡ್ಬೇಕು," ಅಂದರು.

ಏಪ್ರಿಲ್ 5, ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಬಚ್ಚಲಲ್ಲಿ ಕೂತು ಬರೆಯುತ್ತಿದ್ದೇನೆ. ಅತ್ತೆ ನಾದಿನಿಯ ಮನೆಗೆ ಹೋಗಿದ್ದಾರೆ, ಸಂಜೆ ಬರುತ್ತಾರೆ. ಟಿವಿ ಇಲ್ಲ. ಮನೆ ಇಷ್ಟು ನಿಶ್ಶಬ್ದವಾಗಿರಬಲ್ಲದು ಅಂತಲೇ ಗೊತ್ತಿರಲಿಲ್ಲ.

ಹೊಸ ಮಾಡೆಲಿನಲ್ಲಿ ಬಣ್ಣ ಸರಿಯಾಗಿ ಕೂರದ ಒಂದು ಪೀಸು ತಂದಿದ್ದೆ. ಹಾಸಿಗೆಯ ಮೇಲೆ ಕೂತು ನೋಡಿದರು. "ಇಷ್ಟು ದೊಡ್ಡದಾ? ಇಷ್ಟೆಲ್ಲ ಒಳಗಿದೆಯಾ?" ಅಂದರು. ಬಾಗಿದ ಕಾಲುಗಳ ಮೇಲೆ ಬೆರಳಾಡಿಸಿದರು, ಆತುರವಿಲ್ಲದೆ, ಮುರಿದೀತು ಅನ್ನುವ ಹಾಗೆ. ಗ್ರೀಸ್ ಹೋಗದ ಉಗುರು. ಆ ಕೈ ನೋಡುತ್ತ ನನಗೆ ನಿಜವಾಗಿ ಆಸೆಯಾಯಿತು. ಅದನ್ನೂ ಹೇಳಲಿಲ್ಲ.

ಪೀಸು ಪಕ್ಕಕ್ಕಿಟ್ಟರು. "ಇದು ಡಾಕ್ಟರಮ್ಮಂದು. ನಿಂದು ಹೇಳು. ನಿಂಗೇನು ಹಿತ? ಅವತ್ತು ಮಾಡಿದ ಹಾಗೇ ಮಾಡ್ಲಾ?"

ಆ ಮುಖದಲ್ಲಿ ಎಷ್ಟು ನಂಬಿಕೆ. "ಒಂದ್ನಿಮಿಷ" ಅಂತ ಎದ್ದು ಬಂದು ಚಿಲಕ ಹಾಕಿಕೊಂಡೆ.

ನನಗೇನು ಹಿತ? ಗೊತ್ತಿಲ್ಲ. ಆ ಅಂಗದ ಒಂದೊಂದು ತಿರುವೂ ಕೈಗೆ ಗೊತ್ತು, ಕಣ್ಣು ಮುಚ್ಚಿ ಮಣ್ಣಲ್ಲಿ ಮಾಡುತ್ತೇನೆ. ನನ್ನದರ ವಿಷಯದಲ್ಲಿ, ಸ್ನಾನ ಮಾಡುವಾಗಲೂ ಅಲ್ಲಿ ಬೇಗ ಬೇಗ ನೀರು ಸುರಿದುಕೊಂಡು ಬರುವವಳು ನಾನು. ಹಾಗೇ ಮಾಡಿ ಅಂದರೆ ಮುದುಕಿಯಾಗುವವರೆಗೂ ಹಾಗೇ. ಅಲ್ಲ ಅಂದರೆ ಮತ್ತೆ ಗೋಡೆ ಕಡೆ ಮುಖ, ಮತ್ತೆ ಥ್ಯಾಂಕ್ಸು. ಎತ್ತ ಹೋದರೂ ದಾರಿಯಿಲ್ಲ.

ಬಾಗಿಲು ತಟ್ಟಿದರು. "ಹುಷಾರಾಗಿದೀಯಾ? ಬೇಡ ಅಂದ್ರೆ ಬೇಡ ಬಿಡೇ. ಸುಮ್ನೆ ಬಾ, ಕೂತ್ಕೊಳೋಣ."

ಇಂಥ ಮನುಷ್ಯನಿಗೆ ಹೇಗೆ ಹೇಳಲಿ?

ಇವರು ಇನ್ನೂ ಹೋಗಿಲ್ಲ. ಬಾಗಿಲ ಕೆಳಗೆ ಎರಡು ಪಾದದ ನೆರಳು. ಕಾಯುತ್ತಿದ್ದಾರೆ. ಚಿಲಕ ತೆಗೆಯುತ್ತೇನೆ. ಅವರು ಬಾಯಿ ತೆರೆಯುವ ಮೊದಲು, ನನಗೆ ಅವರ ಮುಖ ಕಾಣುವ ಮೊದಲು, ಒಂದೇ ಉಸಿರಿಗೆ ಹೇಳಿಬಿಡಬೇಕು — ರೀ, ಅವತ್ತೂ ನಂಗೆ