ಸುಸ್ಥಿತಿಯಲ್ಲಿ ಹಿಂದಿರುಗಿದ ಫ್ಲಾಪಿ

ಸರಕಾರದ ಕಂಪ್ಯೂಟರಿನ ಹೊಟ್ಟೆಯಲ್ಲಿ ಖಾಸಗಿಯವರ ಬರಹ ಇರಕೂಡದೆಂದು ಸುತ್ತೋಲೆ ಹೊರಡಿಸಿದ, ಲಿಂಗಸುಗೂರಿನ ರಂಗಸಾಹಿತ್ಯ ದಾಖಲಾತಿ ಕೇಂದ್ರದ ಮಾನ್ಯ ಮುಖ್ಯಸ್ಥರೇ,

ತಾವು ಅಂಚೆಯಲ್ಲಿ ಕಳಿಸಿದ ಫ್ಲಾಪಿ ತಲುಪಿದೆ. “ಸುಸ್ಥಿತಿಯಲ್ಲಿ ಹಿಂದಿರುಗಿಸಲಾಗಿದೆ, ಸಹಿ ಮಾಡಿ ಕಳಿಸುವುದು” ಎಂಬ ಪತ್ರವೂ ತಲುಪಿದೆ. ಫ್ಲಾಪಿ ಸುಸ್ಥಿತಿಯಲ್ಲೇ ಇದೆ. ಗೀರಿಲ್ಲ, ಬಿರುಕಿಲ್ಲ. ಅದರೊಳಗಿದ್ದ ಐದು ಅಂಕದ ನಾಟಕವೊಂದೇ ಇಲ್ಲ.

ಈ ಸೀಮೆಯಲ್ಲಿ ನನ್ನ ದನಿ ಎಲ್ಲರಿಗೂ ಗೊತ್ತು. ಸಿಂಧನೂರಿನ ನಾಟಕದಲ್ಲಿ ಮೈಕು ಕೈಕೊಟ್ಟಾಗಲೂ ಕೊನೆಯ ಸಾಲಿಗೆ ಕೇಳಿಸಿದ ಸೇನಾಪತಿ ನಾನು. ಗರ್ಜಿಸಬೇಕೆಂದೇ ಈ ಪತ್ರಕ್ಕೆ ಕೂತೆ. ಗರ್ಜನೆ ಬರುತ್ತಿಲ್ಲ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ನಮಗೆ ನಾಟಕ ಕಲಿಸಿದ ಉಸ್ತಾದ್ ಶಾಮೀದಸಾಬರು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವರು. ನಾಟಕ ಕಟ್ಟಿದ್ದು ಕನ್ನಡದಲ್ಲಿ, ಬರೆದಿಟ್ಟಿದ್ದು ಉರ್ದು ಅಕ್ಷರದಲ್ಲಿ. ಅದೂ ಅರ್ಧ ಮಾತು ಹಾಳೆಯಲ್ಲಿ, ಅರ್ಧ ಅವರ ಬಾಯಲ್ಲಿ. ಬೇರೆ ಕಂಪನಿಯವರು ಕದ್ದಾರೆಂದು ಯಾವ ನಟನಿಗೂ ಪೂರ್ತಿ ನಾಟಕ ಕೊಟ್ಟವರಲ್ಲ. ಅವರವರ ಮಾತು ಅವರವರಿಗಷ್ಟೇ. ರಾಜನೂ ರಾಣಿಯೂ ತಮ್ಮ ತಮ್ಮ ಮಾತಿನೊಂದಿಗೆ ಮಣ್ಣಾದರು. ಉಳಿದವನು ನಾನೊಬ್ಬ. ಸೇನಾಪತಿಯ ಮಾತು ಒಂದಕ್ಷರ ಬಿಡದೆ ಹೇಳಬಲ್ಲೆ. ಯಾರು ಏನು ಕೇಳಿದ್ದಕ್ಕೆ ಆ ಉತ್ತರ, ಅದು ಗೊತ್ತಿಲ್ಲ.

ಕಳೆದ ವರ್ಷ, ೧೯೯೭ರಲ್ಲಿ, ನಾಟಕಗಳನ್ನು ಪುಸ್ತಕ ಮಾಡಿ ಉಳಿಸುತ್ತೇವೆಂದು ತಾವು ಸಾರಿದಿರಿ. ಉಸ್ತಾದರನ್ನು ಒಪ್ಪಿಸಿದವನು ನಾನೇ. ಹತ್ತೊಂಬತ್ತು ದಿನ ಮಸ್ಕಿಯಿಂದ ಬಸ್ಸಿನಲ್ಲಿ ಕರೆತಂದೆ. ಅವರು ಓದಿ ಹೇಳಿದರು, ತಮ್ಮ ಟೈಪಿಸ್ಟ್ ಸೂಗಮ್ಮ ಬರೆದುಕೊಂಡಳು, ಎಲ್ಲವೂ ಆ ಒಂದೇ ಫ್ಲಾಪಿಯಲ್ಲಿ. ಕಂಪ್ಯೂಟರಿನಲ್ಲೊಂದು ಪ್ರತಿ ಇಡಲೇ ಎಂದು ಆಕೆ ಕೇಳಿದರೆ ತಾವು ಸುತ್ತೋಲೆ ತೋರಿಸಿದಿರಂತೆ. ಸರಕಾರದ ಹೊಟ್ಟೆಯಲ್ಲಿ ಏನೇನೋ ಅಡಗುತ್ತದೆ. ಒಂದು ನಾಟಕಕ್ಕೆ ಜಾಗ ಸಾಲಲಿಲ್ಲವೇ?

ಕೊನೆಯ ದಿನ ನಾವಿಬ್ಬರೂ ಬಸ್‌ಸ್ಟ್ಯಾಂಡಿಗೆ ಹೊರಟ ಮೇಲೆ ತಾವು ಇನ್ನೊಂದು ಫ್ಲಾಪಿ ಹಿಡಿದು ಬಂದಿರಿ. ತಮಗೇ ನಡೆಯಲಿದ್ದ ಸನ್ಮಾನದ ಆಮಂತ್ರಣ ಅಚ್ಚಾಗಬೇಕಿತ್ತು. ಮುಂದಿನದು ಸೂಗಮ್ಮ ಹೇಳಿದ್ದು.

“ಸರ್, ತಡೀರಿ. ಕಂಪ್ಯೂಟರಿನ ದೀಪ ಇನ್ನೂ ಉರಿಯಾಕತ್ತೈತ್ರಿ, ಫ್ಲಾಪಿಗೆ ಬರಕೊಳ್ಳಾಕತ್ತೈತಿ.”

“ದೀಪ ಉರಿಲಿ ಬಿಡವಾ, ನನ್ನ ಬಸ್ಸು ಹೊಂಟತಿ!”

ತಾವೇ ಗುಂಡಿ ಒತ್ತಿ ಎಳೆದಿರಿ. ಆಮಂತ್ರಣ ಮುಗಿಸಿ ನಾಟಕದ ಫ್ಲಾಪಿ ಮತ್ತೆ ತೂರಿಸಿದರೆ, ಪರದೆಯ ಮೇಲೆ ಇಂಗ್ಲಿಷಿನ ಪ್ರಶ್ನೆ.

“ಏನಂತದು?”

“ಫಾರ್ಮ್ಯಾಟ್ ಮಾಡ್ಲೇನು ಅಂತೈತ್ರಿ. ಯಾರನ್ನರ ಕೇಳೋಣ್ರಿ ಸರ್.”

“ಅಷ್ಟು ಮರ್ಯಾದೀಲೆ ಕೇಳಾಕತ್ತೈತಿ. ಹೂಂ ಅಂದ್ರಾತು.”

ಒತ್ತಿದ ಬೆರಳೂ ತಮ್ಮದೇ. ಫಾರ್ಮ್ಯಾಟ್ ಎಂದರೆ ಇದ್ದದ್ದನ್ನೆಲ್ಲ ಅಳಿಸುವುದಂತೆ.

ಆಮೇಲೆ ಎರಡು ತಿಂಗಳು “ನಾಟಕ ಅಚ್ಚಿಗೆ ಹೋಗಿದೆ” ಎಂದಿರಿ. ಆ ಎರಡು ತಿಂಗಳಲ್ಲಿ ಉಸ್ತಾದರು ಇನ್ನೊಮ್ಮೆ ಓದಿ ಹೇಳಬಹುದಿತ್ತು. ಮೂರನೆಯ ತಿಂಗಳು ಲಕ್ವಾ ಹೊಡೆದು ಅವರ ಮಾತು ನಿಂತಿತು. ಸುದ್ದಿ ತಿಳಿದ ಸೂಗಮ್ಮ ಮಸ್ಕಿಗೆ ಬಂದು ಎಲ್ಲ ಹೇಳಿ ಅತ್ತಳು. ನನಗೆ ಅಳು ಬರಲಿಲ್ಲ. ಚಹಾ ತರಿಸಿದೆ.

ಉಸ್ತಾದರ ನೋಟುಬುಕ್ಕನ್ನು ಸಿಂಧನೂರಿನ ಉರ್ದು ಮಾಸ್ತರ ಮಹಮ್ಮದಸಾಬರ ಮುಂದಿಟ್ಟೆ. ಇಡೀ ದಿನ ನೋಡಿ ಮುಚ್ಚಿದರು. “ಅಕ್ಷರ ತಿಳೀತಾವ ಕನಕರಾಯ, ಮಾತು ತಿಳೀವಲ್ದು.”

ಉಸ್ತಾದರಿಗೆ ಬುದ್ಧಿ ಪೂರ್ತಿ ಇದೆ, ಬಲಗೈ ಒಂದು ಸಹಿ ಗೀಚುವಷ್ಟು ಆಡುತ್ತದೆ, ನಾಟಕ ಬರೆಯುವಷ್ಟಲ್ಲ. ನಾನು ಹೋದಾಗಲೆಲ್ಲ ಅಂಗೈಯನ್ನು ಪುಸ್ತಕದಂತೆ ತೆರೆದು ತೋರಿಸುತ್ತಿದ್ದರು.

“ಪುಸ್ತಕ ಬಂತೇನ ಅಂತ ಕೇಳಾಕತ್ತಾರ,” ಎನ್ನುತ್ತಿದ್ದರು ಅವರ ಮಡದಿ ಚಾಂದ್‌ಬೀ. “ಹೇಳಪಾ. ಆಟದಾಗ ಊರೆಲ್ಲಾ ಕೇಳೂವಂಗ ಒದರತಿದ್ದಿ, ಈಗೇನಾತು ನಿನ್ನ ಬಾಯಿಗೆ?”

“ಬರತೈತಿ ಅಮ್ಮಾ,” ಅಂದೆ. ಇಷ್ಟು ಸಣ್ಣ ದನಿಯಲ್ಲಿ ನಾನು ಯಾವ ಪಾತ್ರವನ್ನೂ ಆಡಿಲ್ಲ. ಆಮೇಲೆ, ನಾಟಕವೆಲ್ಲ ಇದರಲ್ಲೇ ಇದೆ ಎಂದು ತಮ್ಮ ಫ್ಲಾಪಿಯನ್ನು ಅವರ ಕೈಗಿಟ್ಟೆ. ಅರ್ಧ ಮುಖದಲ್ಲಿ ನಕ್ಕರು. ಈಗ ಹಗಲೆಲ್ಲ ಅದು ಅವರ ಬಲಗೈಯಲ್ಲಿ, ರಾತ್ರಿ ದಿಂಬಿನ ಕೆಳಗೆ.

ಆದ್ದರಿಂದ ತಮ್ಮ ಪತ್ರಕ್ಕೆ ನಾನು ಸಹಿ ಮಾಡುವುದಿಲ್ಲ. ಆ ಸುತ್ತೋಲೆಯನ್ನು ಹರಿದು ಹಾಕಿ, ತಾವೇ ಮಸ್ಕಿಗೆ ಬರಬೇಕು. ಅವರ ಮಂಚದ ಪಕ್ಕ ಕೂತು ನಡೆದದ್ದನ್ನು ಹೇಳಬೇಕು. ಅಂಜಬೇಡಿ, ಅವರು ಬಯ್ಯಲಾರರು. ಸಹಿ ಅಷ್ಟು ಜರೂರಿದ್ದರೆ ಅವರ ಬಲಗೈಯಿಂದಲೇ ಪಡೆಯಿರಿ; ಮೊದಲು ಆ ಕೈ ಹಿಡಿದಿರುವುದನ್ನು ಬಿಡಿಸಿಕೊಳ್ಳಬೇಕಾದೀತು.

ಇಂತಿ,
ಉತ್ತರಗಳಷ್ಟೇ ಉಳಿದಿರುವ ಸೇನಾಪತಿ
ಕನಕರಾಯ, ಮಸ್ಕಿ