ನಲ್ಲಿಯಲ್ಲಿ ನೀರು ಬಂದ ದಿನ

ಮಾರ್ಚ್ 4, ಬೆಳಿಗ್ಗೆ

ಮತ್ತೆ ಪಂಪ್‌ಹೌಸ್ ಬಾಗಿಲು ತೆಗೆದೆ, ಗುಡಿಸಿದೆ, ಹಾಕಿದೆ. ಮೋಟಾರು ಸುಟ್ಟ ಮೇಲೆ ಇಷ್ಟೇ ಕೆಲಸ. ಹೆಸರಿಗೆ ಆಪರೇಟರ್. ನೀರಿನ ಯೋಜನೆಯವರ ಆಫೀಸಿಗೆ ಫೋನ್ ಮಾಡಿದರೆ, "ನೋಡೋಣಮ್ಮ, ಮೇಲಿಂದ ಬರ್ಬೇಕು." ಮೇಲಿಂದ ಬರುತ್ತಿರುವುದು ಬಿಸಿಲೊಂದೇ.

ಅತ್ತೆ ಇವತ್ತೂ ಇಳಿಜಾರಿನ ಬಾವಿಗೆ ಹೋದರು. ಹತ್ತುವಾಗ ಮಂಡಿ ಹಿಡಿದುಕೊಂಡು ಕೂತೇಬಿಟ್ಟರು. ಕೊಡ ಕಸಿದುಕೊಂಡರೆ ನನ್ನ ಮೇಲೇ ರೇಗಾಟ.

ಮಾರ್ಚ್ 9

ಶುಕ್ರವಾರ ಯೋಜನೆಯ ಸಾಹೇಬರು ಬರುತ್ತಾರಂತೆ. ದುಡ್ಡು ಕೊಟ್ಟ ಸಂಸ್ಥೆಯವರೂ ಜೊತೆಗೆ. ಸದ್ಯ! ಒಣ ನಲ್ಲಿ ತಿರುಗಿಸಿ ತೋರಿಸುತ್ತೇನೆ, ಕಣ್ಣಾರೆ ನೋಡಲಿ. ಊರಿಗೆಲ್ಲ ಹೇಳಿ ಬಂದೆ. "ಆಯ್ತು ಬಿಡಮ್ಮ, ನಾವ್ ನೋಡ್ಕೋತೀವಿ" ಅಂದರು. ಯಾವ ಯೋಜನೆ ಬಂದರೂ ಇವರದು ಇದೇ ಮಾತು. ಮೀಟಿಂಗಿಗೂ ಆಯ್ತು, ತರಬೇತಿಗೂ ಆಯ್ತು.

ಮಾರ್ಚ್ 13, ಮಧ್ಯಾಹ್ನ

ಬೆಳಿಗ್ಗೆಯೇ ಬಸ್‌ಸ್ಟಾಪಿಗೆ ಹೋಗಿ ಕಾದು, ಅವರನ್ನು ಕರೆತಂದೆ. ನಲ್ಲಿ ತಿರುಗಿಸಿದೆ — ಧೋ ಅಂತ ನೀರು! ಚಪ್ಪಾಳೆ, ಫೋಟೋ. "ಮೋಟಾರ್ ಸುಟ್ಟಿದೆ ಸಾರ್" ಅಂದೆ. ಸಾಹೇಬರು ಊರವರ ಕಡೆ ತಿರುಗಿದರು. ದರ್ಜಿ ಅಣ್ಣ ಮುಂದೆ ಬಂದು, "ಏನೂ ತೊಂದ್ರೆ ಇಲ್ಲ ಸಾರ್, ಎಲ್ಲಾ ಚೆನ್ನಾಗಿದೆ" ಅಂದುಬಿಟ್ಟ. ಎಲ್ಲರ ತಲೆಯೂ ಅಲ್ಲಾಡಿತು. ಅಷ್ಟು ಜನರನ್ನು ಸುಳ್ಳರು ಅನ್ನಲು ನನಗೆ ಬಾಯಿ ಬರಲಿಲ್ಲ...

ಸಂಜೆ

"ನೀನು ಬಸ್‌ಸ್ಟಾಪಿಗೆ ಹೋದ್ಯಲ್ಲ, ಆಗ ಎಲ್ಲಾ ಸೇರಿ ಬಾವಿಯಿಂದ ಹೊತ್ತು ಟ್ಯಾಂಕ್ ತುಂಬಿಸಿದ್ವಿ ತಂಗಿ" ಅಂದ ದರ್ಜಿ ಅಣ್ಣ. "ಬಂದೋರ ಎದುರು ಒಣ ನಲ್ಲಿ ತೋರ್ಸೋಕಾಗುತ್ತಾ? ಖುಷಿಯಾಗಿ ಹೋದ್ರೆ ತಾನೇ ಹೊಸ ಮೋಟಾರ್ ಕಳ್ಸೋದು?"

ಮದುವೆ ಮಾಡಿ ಮುಗಿಸಿದವರ ಹಾಗೆ ಎಲ್ಲರೂ ಸುಸ್ತಾಗಿ, ನಗುತ್ತಾ ನಿಂತಿದ್ದರು. ಬೈಯಲು ಹೊರಟವಳಿಗೆ ಅಳು ಬಂತು. ಸಂತೋಷಕ್ಕೆ ಅಂದುಕೊಂಡರು.

ಮಾರ್ಚ್ 21

ಆಫೀಸಿನಿಂದ ಫೋನ್. ನಮ್ಮ ಊರು ಯಶಸ್ವಿಯಂತೆ. ಇಲ್ಲಿನ ಕೆಲಸ ಮುಗಿಯಿತಂತೆ. ಆಫೀಸಿನಲ್ಲಿದ್ದ ಒಂದೇ ಒಂದು ಹೊಸ ಮೋಟಾರು ಬೇರೆ ಊರಿಗೆ ಹೋಯಿತು. ಬರುವ ತಿಂಗಳಿಂದ ಆಪರೇಟರೂ ಬೇಡ.

ಅತ್ತೆ ಸಾಹೇಬರು ಬಂದುಹೋದ ದಿನ ಮಲಗಿದವರು ಎದ್ದಿಲ್ಲ. ಮಂಡಿ ಊದಿಕೊಂಡಿದೆ. ಎಲ್ಲರಿಗಿಂತ ಹೆಚ್ಚು ಕೊಡ ಹೊತ್ತವರು ಇವರೇ ಅಂತೆ. ಯಾಕತ್ತೆ ಅಂದರೆ, "ನಿನ್ ಕೆಲ್ಸ ಉಳೀಬೇಕಲ್ವೇನೇ?" ಅಂದರು. ಫೋನಿನ ವಿಷಯ ಹೇಳಿಲ್ಲ. ಹೇಗೆ ಹೇಳಲಿ? ಸಾಕಾಗಿದೆ ನನಗೆ.

ಬಾವಿಗೆ ಹೊರಟೆ. ಒಳಗಿಂದ ಕೂಗಿದರು, "ಇನ್ನೆರಡು ದಿನ ಕಷ್ಟ ಕಣೇ. ಅವರಿಗೆ ಎಷ್ಟು ಖುಷಿಯಾಯ್ತು ನೋಡಿದ್ಯಲ್ಲ, ಮೋಟಾರ್ ಬಂದೇ —"

ನಾನು ಹೂಂ ಅಂದೆ. ಆಮೇಲೆ ಅತ್ತೆಯ ಕೊಡವನ್ನೂ ಎತ್ತಿಕೊಂಡು ಇಳಿಜಾರು ಇಳಿದೆ.